ರಿಯಾ ಅನ್ನೋ ಹೆಸರು, ತೊಟ್ಟಿಲಿಗೆ ಹಾಕಿದ ಗುಂಡುಕಲ್ಲು

ಪುಣೆಯಿಂದ ಮಾತಾಡ್ತಾ ಇದ್ದೀನಿ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಮದುವೆಯಾಗಿ ಇಲ್ಲಿಗೆ ಬಂದು 34 ವರ್ಷ ಆಯ್ತು. ಶಾಲೆಯಲ್ಲಿ ಗಣಿತ ಕಲಿಸ್ತಿದ್ದೆ, ಈಗ ನಿವೃತ್ತಿ. ಅಂದಮೇಲೆ ಪುರಾಣದ ಬಗ್ಗೆ ಮಾತಾಡೋಕೆ ನನಗೆ ಅಧಿಕಾರ ಏನೂ ಇಲ್ಲ, ಗ್ರೀಕ್ ಪುರಾಣದ ಬಗ್ಗೆಯಂತೂ ಇಲ್ಲವೇ ಇಲ್ಲ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಹೆಸರಿನ ಪ್ರಶ್ನೆ ಎದ್ದಿತು. ಆಗ ಓದಬೇಕಾಯ್ತು. ಓದಿದೆ. ಆ ಕಥೆಯನ್ನೇ ಇವತ್ತು ಹೇಳೋದು.

ನನ್ನ ಮಗಳು, ಅಳಿಯ ಇಬ್ಬರೂ ಕಂಪ್ಯೂಟರ್ ಕೆಲಸದವರು. ಅಳಿಯ ಮರಾಠಿಯವರು, ಕೊಥ್ರೂಡ್ ಕಡೆಯವರು. ಮಗಳು ನನ್ನ ಜೊತೆ ಕನ್ನಡ, ಅತ್ತೆಯವರ ಜೊತೆ ಮರಾಠಿ, ಗಂಡನ ಜೊತೆ ಜಗಳ ಬಂದರೆ ಇಂಗ್ಲಿಷ್. ಅವಳು ಶಾಲೆಯಲ್ಲಿದ್ದಾಗ ಪರ್ಸಿ ಜಾಕ್ಸನ್ ಕಾದಂಬರಿಗಳ ಹುಚ್ಚು ಹಿಡಿದಿತ್ತು. ಗ್ರೀಕ್ ದೇವತೆಗಳ ಮಕ್ಕಳು ಇವತ್ತಿನ ಅಮೆರಿಕದಲ್ಲಿ ಶಾಲೆಗೆ ಹೋಗೋ ಕಥೆ ಅದು. ಅಲ್ಲಿಂದ ಹಿಡಿದ ಗ್ರೀಕ್ ಬಿಡಲೇ ಇಲ್ಲ. ಬಸುರಿಯಾಗಿ ಐದು ತಿಂಗಳು ತುಂಬಿದ ಮೇಲೆ ನಮ್ಮ ಮನೆ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದಳು. ಗಂಡಾದರೆ ನಾಲ್ಕು, ಹೆಣ್ಣಾದರೆ ಏಳು, ಒಟ್ಟು ಹನ್ನೊಂದು ಹೆಸರು. ಎಲ್ಲ ಗ್ರೀಕ್ ಪುರಾಣದ್ದು.

ನನ್ನ ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ಮೊದಲನೇ ಹೆಸರು ಎರಡೇ ಅಕ್ಷರ, ಐ ಮತ್ತು ಓ. "ಅಯ್ಯೋ!" ಅಂತ ಓದಿದರು. ಅಯ್ಯೋ ಅಲ್ಲ ಅಪ್ಪಾ, ಐಓ, ಜ್ಯೂಸ್ ದೇವರು ಹಸುವಾಗಿ ಮಾಡಿದ ಹುಡುಗಿ ಅಂದಳು. ಇವರು ಬಿಡಬೇಕಲ್ಲ. "ನಾಳೆ ಅಕಿ ಬಾಗಿಲಾಗ ಆಡ್ಲಿಕ್ಕೆ ಹೋದಾಗ ನಾ ಅಯ್ಯೋ, ಅಯ್ಯೋ ಅಂತ ಒದರಿದ್ರ ಬಾಜೂಮನಿಯವರು ಓಡಿಬರ್ತಾರ" ಅಂದರು. ಆ ಹೆಸರಿಗೆ ಗೀಟು ಬಿತ್ತು.

ನಗೋ ಮಾತು ಅನಿಸಬಹುದು, ಆದರೆ ನಮ್ಮಂಥ ಮನೆಗಳಲ್ಲಿ ಇದು ದೊಡ್ಡ ಪರೀಕ್ಷೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದರೆ ಹೆಸರು ಕನ್ನಡದ ಬಾಯಲ್ಲಿ ಚೆನ್ನಾಗಿದ್ದರೆ ಸಾಕು. ಹೊರಗಡೆ ಇರೋರಿಗೆ ಮೂರು ಬಾಯಿ ದಾಟಬೇಕು. ಭೂದೇವಿಯ ಹೆಸರು ಗಾಯಾ ಅಂತ ಚೀಟಿಯಲ್ಲಿತ್ತು. ನನ್ನ ಕಿವಿಗೆ ಅದು ಗಾಯ, ಬೀಗತಿಯವರ ಕಿವಿಗೆ ಅದು ಹಸು. ಅಪೊಲೊ ದೇವರ ತಾಯಿ ಲೇಟೊ ಇದ್ದಳು. ಹಿಂದಿಯವರು ಯಾರಾದರೂ ಆ ಹೆಸರು ಕರೆದರೆ ಮಲಕ್ಕೋ ಅಂದಂಗೆ. ಐರಿಸ್ ಅಂದರೆ ಕಾಮನಬಿಲ್ಲಿನ ದೇವತೆ, ದೇವರುಗಳ ಮಾತು ಹೊತ್ತು ತರೋಳು. ನನಗೆ ನಿಜವಾಗಿ ಇಷ್ಟ ಆಯ್ತು. ಅಳಿಯನೇ ಬೇಡ ಅಂದರು. ಆಧಾರ್ ಮಾಡಿಸೋಕೆ ಹೋದಾಗ "ಐರಿಸ್ ಸ್ಕ್ಯಾನ್ ಮಾಡಿ" ಅಂತಾರೆ, ಜೀವನಪರ್ಯಂತ ಅದೇ ಜೋಕು ಕೇಳಬೇಕು ಅಂತ.

ಬಾಯಿ ದಾಟಿದ ಹೆಸರುಗಳ ಕಥೆ ಓದೋಕೆ ಕೂತೆ. ಗಣಿತದವಳು ನೋಡಿ, ಉತ್ತರ ತಾಳೆ ನೋಡದೆ ಬಿಡೋಕಾಗಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಹೆಸರು ಹುಡುಕ್ತಾ ಇದ್ದರೆ ಇದೊಂದು ಕೆಲಸ ಮಾತ್ರ ಬಿಡಬೇಡಿ. ಹೆಸರಿನ ಪಟ್ಟಿ ಕೊಡೋರು ಒಂದೇ ಸಾಲಿನ ಅರ್ಥ ಕೊಡ್ತಾರೆ. ಕಸಾಂಡ್ರಾ ಅಂದರೆ ರಾಜಕುಮಾರಿ, ಭವಿಷ್ಯ ಹೇಳೋಳು ಅಂತ ಇರುತ್ತೆ. ಅವಳು ಹೇಳಿದ್ದೆಲ್ಲ ನಿಜವಾಗ್ತಿತ್ತು, ಆದರೆ ಅಪೊಲೊನ ಶಾಪದಿಂದ ಒಬ್ಬರೂ ನಂಬ್ತಿರಲಿಲ್ಲ, ಕಣ್ಣೆದುರೇ ಟ್ರಾಯ್ ಪಟ್ಟಣ ಸುಟ್ಟುಹೋಯ್ತು ಅನ್ನೋದು ಆ ಸಾಲಿನಲ್ಲಿ ಇರಲ್ಲ. ಪಾಂಡೊರಾ ಅಂದರೆ ಎಲ್ಲ ವರ ಪಡೆದವಳು ಅಂತ. ಲೋಕದ ಕಷ್ಟಗಳೆಲ್ಲ ಹೊರಗೆ ಬಂದದ್ದು ಅವಳು ಮುಚ್ಚಳ ತೆಗೆದದ್ದರಿಂದ. ಎಲ್ಲರೂ ಅದನ್ನ ಪೆಟ್ಟಿಗೆ ಅಂತಾರೆ, ಹಳೇ ಕಾವ್ಯದಲ್ಲಿ ಇರೋದು ಕಾಳು ಎಣ್ಣೆ ತುಂಬೋ ದೊಡ್ಡ ಮಣ್ಣಿನ ಗುಡಾಣ. ಡಾಫ್ನೆ ಅಂದರೆ ಒಂದು ಮರದ ಹೆಸರು, ಸರಿ. ಅಪೊಲೊ ಅಟ್ಟಿಸಿಕೊಂಡು ಬಂದಾಗ ತಪ್ಪಿಸಿಕೊಳ್ಳೋಕೆ ಹುಡುಗಿ ಮರ ಆದಳು. ಮಿಡೀಯಾ ಕೇಳೋಕೆ ನಮ್ಮ ಮೇಧಾ ಇದ್ದಂಗಿದೆ, ಬಹಳ ಚಂದ. ಯೂರಿಪಿಡೀಸ್‌ನ ನಾಟಕದಲ್ಲಿ ಅವಳು ತನ್ನ ಮಕ್ಕಳನ್ನ ತಾನೇ ಕೊಲ್ತಾಳೆ.

ಗಂಡು ಹೆಸರಲ್ಲಿ ಹೆಕ್ಟರ್ ಇತ್ತು. ಇಲಿಯಡ್‌ನಲ್ಲಿ ಅವನದೊಂದು ಸಣ್ಣ ಪ್ರಸಂಗ ಇದೆ. ಯುದ್ಧಕ್ಕೆ ಹೊರಟವನು ಹೆಂಡತಿ ಮಗುವನ್ನ ನೋಡೋಕೆ ಬರ್ತಾನೆ. ಮಗು ಅಪ್ಪನ ಶಿರಸ್ತ್ರಾಣದ ಮೇಲಿನ ಕುದುರೆ ಕೂದಲಿನ ಜುಟ್ಟು ನೋಡಿ ಹೆದರಿ ದಾದಿಯ ಎದೆಗೆ ಅಂಟಿಕೊಳ್ತದೆ. ಅಪ್ಪ ನಕ್ಕು, ಶಿರಸ್ತ್ರಾಣ ತೆಗೆದು ಕೆಳಗಿಟ್ಟು, ಮಗುವನ್ನ ಎತ್ಕೊಂಡು ಮುದ್ದಾಡ್ತಾನೆ. ಆ ಮಗುವಿಗೆ ಎರಡು ಹೆಸರು. ಅಪ್ಪ ಕರೆಯೋದು ಸ್ಕಮಾಂಡ್ರಿಯಸ್ ಅಂತ, ಅಲ್ಲಿಯ ನದಿಯ ಹೆಸರಿಂದ. ಊರವರು ಕರೆಯೋದು ಅಸ್ತ್ಯನಾಕ್ಸ್, ಪಟ್ಟಣದ ಒಡೆಯ ಅಂತ. ನಮ್ಮಲ್ಲಿ ತೊಟ್ಟಿಲ ಹೆಸರು ಬೇರೆ, ಕರೆಯೋ ಹೆಸರು ಬೇರೆ ಇರೋದಿಲ್ಲವಾ, ಹಾಗೆ. ಓದಿ ಎಷ್ಟು ಖುಷಿಯಾಯ್ತು. ಆಮೇಲೆ ಟ್ರಾಯ್ ಬಿದ್ದ ಮೇಲೆ ಆ ಮಗುವನ್ನ ಕೋಟೆ ಗೋಡೆಯಿಂದ ಎಸೀತಾರೆ ಅಂತ ಓದಿ ಪುಸ್ತಕ ಮುಚ್ಚಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಮುಂದೆ ಹೇಳ್ತೀನಿ.

ಇನ್ನೊಂದು ಮಜಾ ವಿಷಯ. ಹಳೆಯ ಗ್ರೀಕರು ತಾವೇ ಈ ದೇವರ ಹೆಸರುಗಳನ್ನ ಹಾಗ್ಹಾಗೇ ಮಕ್ಕಳಿಗೆ ಇಡ್ತಾ ಇದ್ದದ್ದು ಅಪರೂಪ. ಅಪೊಲೊನಿಯಸ್, ಡಯೊನಿಸಿಯಸ್, ಡಿಮೀಟರ್ ದೇವಿಯಿಂದ ಡಿಮಿಟ್ರಿಯಸ್, ಹೀಗೆ ದೇವರಿಗೆ ಸೇರಿದವನು ಅನ್ನೋ ಥರ ಇಡ್ತಿದ್ದರು. ಥಿಯೊಡೋರಸ್ ಅಂದರೆ ದೇವರು ಕೊಟ್ಟದ್ದು, ನಮ್ಮ ದೇವದತ್ತ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ಅವರಲ್ಲೂ ಇತ್ತು. ಅಥೆನ್ಸ್‌ನಲ್ಲಿ ಹತ್ತನೇ ದಿನ ನಂಟರನ್ನ ಕರೆದು ಊಟ ಹಾಕಿ ಹೆಸರಿಡೋರು. ನಮ್ಮದು ಹನ್ನೆರಡೋ ಹದಿಮೂರೋ ದಿನ, ಅಷ್ಟೇ ಫರಕು. ಒಡಿಸ್ಸಿಯಸ್‌ಗೆ ಹೆಸರಿಟ್ಟವನು ತಾಯಿಯ ತಂದೆ. ದಾದಿ ಕೂಸನ್ನ ತಂದು ಅವನ ಮೊಣಕಾಲ ಮೇಲೆ ಇಟ್ಟು "ನೀನೇ ಹೆಸರು ಹೇಳು" ಅಂತಾಳೆ. ನನಗೆ ಬಹಳ ಜನರ ಜೊತೆ ದ್ವೇಷ ಇದೆ, ಅದಕ್ಕೆ ಕೂಸಿನ ಹೆಸರೂ ದ್ವೇಷದ್ದೇ ಇರಲಿ ಅಂತ ಆ ಅಜ್ಜ ಆ ಅರ್ಥ ಬರೋ ಹೆಸರಿಟ್ಟ. ಇದನ್ನ ನನ್ನ ಯಜಮಾನರಿಗೆ ಓದಿ ಹೇಳಿದೆ. "ನೋಡು, ತಾಯಿಯ ಅಪ್ಪಗ ಹಕ್ಕದ" ಅಂದರು.

ಅವರ ವಾದ ಬೇರೆ ಇತ್ತು. ಬಿ.ಎಂ.ಶ್ರೀ ಅವರು ಸೊಫೊಕ್ಲೀಸ್‌ನ ಅಜಾಕ್ಸ್ ನಾಟಕ ಕನ್ನಡಕ್ಕೆ ತಂದಾಗ ಅಜಾಕ್ಸ್‌ನನ್ನ ಅಶ್ವತ್ಥಾಮ ಮಾಡಿದರು. ಅಷ್ಟು ದೊಡ್ಡವರೇ ಹೆಸರು ಬದಲಾಯಿಸಿದ ಮೇಲೆ ನಮ್ಮದೇನು, ಗ್ರೀಕ್ ಕಥೆ ಇಟ್ಕೊಳ್ಳಿ, ಹೆಸರು ನಮ್ಮದೇ ಇಡಿ ಅಂತ. ಅಷ್ಟು ಗ್ರೀಕ್ ಬೇಕಂದರೆ ಉಷಾ ಅಂತ ಇಡಿ ಅಂತ ನಾನೂ ದನಿಗೂಡಿಸಿದೆ. ಗ್ರೀಕರ ಬೆಳಗಿನ ದೇವತೆ ಈಯಾಸ್ ಮತ್ತು ನಮ್ಮ ಉಷಸ್ ಒಂದೇ ಮೂಲದ ಮಾತು, ಅದು ಭಾಷಾಶಾಸ್ತ್ರದವರು ಒಪ್ಪಿದ ವಿಷಯ. ಮಗಳು ನನ್ನ ಮುಖ ನೋಡಿದಳು. ನನ್ನ ಅಕ್ಕನ ಹೆಸರು ಉಷಾ, ಅವಳಿಗೂ ನನ್ನ ಮಗಳಿಗೂ ಮಾತಿಲ್ಲ.

ಕೊನೆಗೆ ಚೀಟಿಯಲ್ಲಿ ಉಳಿದದ್ದು ರಿಯಾ.

ಎಲ್ಲರಿಗೂ ಸಮಾಧಾನ ಆಯ್ತು. ರಿಯಾ ಅಂದರೆ ನಮ್ಮಲ್ಲೂ ಓಣಿಗೊಬ್ಬಳು ಇದ್ದಾಳೆ. ಕನ್ನಡದ ಬಾಯಿಗೂ ಸರಿ, ಮರಾಠಿಗೂ ಸರಿ. ಬರೆಯೋದು ಮಾತ್ರ ಆರ್-ಐ-ವೈ-ಎ ಅಲ್ಲ, ಆರ್-ಎಚ್-ಇ-ಎ ಅಂದಳು. ಬೀಗರು ಇಂಟರ್ನೆಟ್‌ನಲ್ಲಿ ಹುಡುಕಿದರು, ಸಿಕ್ಕಿದ್ದು ಶನಿ ಗ್ರಹ. ರಿಯಾ ಅಂದರೆ ಶನಿಯ ಉಪಗ್ರಹ, 1672ರಲ್ಲಿ ಕಸ್ಸಿನಿ ಅನ್ನೋ ಖಗೋಳಜ್ಞ ಕಂಡುಹಿಡಿದದ್ದು, ಶನಿಯ ಚಂದ್ರರಲ್ಲಿ ಎರಡನೇ ದೊಡ್ಡದು. ಮನೆಯಲ್ಲಿ ಗದ್ದಲವೋ ಗದ್ದಲ. ಸಾಡೇಸಾತಿ ಮುಗಿದು ಆರು ತಿಂಗಳಾಗಿಲ್ಲ, ಶನಿಯ ಮನೆಯ ಹೆಸರು ಎಲ್ಲಿಂದ ತಂದಿರಿ ಅಂತ ಬೀಗರು. ಅಳಿಯ ತಮ್ಮ ತಂದೆಗೆ ಒಂದು ತಾಸು ಖಗೋಳಶಾಸ್ತ್ರ ಹೇಳಿದರು. ಪ್ರಯೋಜನ ಆಗಲಿಲ್ಲ. ಕೊನೆಗೆ ಬೀಗತಿಯವರು "ಶನಿಯ ಹತ್ತಿರದವರನ್ನ ಶನಿ ಕಾಡೋದಿಲ್ಲ" ಅಂತ ಒಂದು ಮಾತು ಹೇಳಿ ಮುಗಿಸಿದರು. ಆ ಹೆಂಗಸು ನನಗಿಂತ ಜಾಣೆ.

ನಾನು ನನ್ನ ರೂಢಿಯಂತೆ ಕಥೆ ಓದೋಕೆ ಹೋದೆ. ಹೆಸಿಯಡ್ ಅನ್ನೋ ಗ್ರೀಕ್ ಕವಿಯ 'ಥಿಯಾಗನಿ' ಅಂತ ಒಂದು ಹಳೇ ಕಾವ್ಯ, ದೇವರುಗಳ ವಂಶಾವಳಿ. ಅದರಲ್ಲಿ ರಿಯಾ ಭೂಮಿ ಆಕಾಶಗಳ ಮಗಳು. ಗಂಡ ಕ್ರೋನಸ್, ಇವನನ್ನೇ ರೋಮನ್ನರು ಸ್ಯಾಟರ್ನ್ ಅಂದದ್ದು, ನಮ್ಮ ಶನಿ ಗ್ರಹ. ನಿನ್ನ ಮಗನೇ ನಿನ್ನನ್ನ ಸೋಲಿಸ್ತಾನೆ ಅಂತ ಅವನಿಗೆ ಭವಿಷ್ಯ ಗೊತ್ತಾಗಿರುತ್ತೆ. ಅದಕ್ಕೆ ಹೆಂಡತಿ ಹೆತ್ತ ಒಂದೊಂದೇ ಮಗುವನ್ನ ನುಂಗಿಬಿಡ್ತಾನೆ. ಮೂರು ಹೆಣ್ಣು, ಎರಡು ಗಂಡು. ಐದು ಮಕ್ಕಳು.

ಈಗ ಆ ಕಾರಣ ಹೇಳ್ತೀನಿ. ಇದಕ್ಕೂ ಮೂರು ವರ್ಷ ಮೊದಲು ನನ್ನ ಮಗಳಿಗೆ ಒಂದು ಗಂಡುಮಗು ಹುಟ್ಟಿತ್ತು. ಏಳನೇ ತಿಂಗಳಿಗೇ ಹುಟ್ಟಿತು. ಎರಡು ದಿನ ಇತ್ತು. ಹೆಸರಿಡಲಿಲ್ಲ. ಕೈಗೆ ಕಟ್ಟಿದ್ದ ಪಟ್ಟಿಯ ಮೇಲೆ 'ಬೇಬಿ ಆಫ್' ಅಂತ ಬರೆದು ನನ್ನ ಮಗಳ ಹೆಸರು ಬರೆದಿದ್ದರು, ಅಷ್ಟೇ. ಆಮೇಲೆ ನಾವು ಹಿರಿಯರು ಅದರ ಮಾತೇ ಎತ್ತಲಿಲ್ಲ. ಕೂತು ಮಾಡಿದ ತೀರ್ಮಾನ ಅಲ್ಲ ಅದು, ಹಾಗೇ ಆಗಿಹೋಯ್ತು. ಅವಳು ಒಂದೆರಡು ಸಲ ಮಾತು ತೆಗೆದಾಗ ನಾನೇ "ಅದನ್ನೆಲ್ಲ ನೆನಸಬ್ಯಾಡ" ಅಂತ ಚಹಾಕ್ಕೆ ನೀರಿಡೋಕೆ ಎದ್ದುಹೋಗಿದ್ದೀನಿ. ಇದನ್ನ ಕ್ಯಾಮೆರಾ ಮುಂದೆ ಹೇಳಬಹುದಾ ಅಂತ ಮಗಳನ್ನ ಕೇಳಿದೆ, ಹೇಳು ಅಂದಳು. ಅದಕ್ಕೇ ಹೇಳ್ತಾ ಇದ್ದೀನಿ.

ಅಂಥ ಮನೆಯಲ್ಲಿ, ಮಕ್ಕಳನ್ನ ಕಳೆದುಕೊಂಡ ತಾಯಿಯ ಹೆಸರು! ನನ್ನ ಕೈ ಕಾಲು ತಣ್ಣಗಾದವು. ಇದು ಅಪಶಕುನ, ಇವಳಿಗೆ ಗೊತ್ತಿಲ್ಲದೆ ಆರಿಸಿದ್ದಾಳೆ, ಹೇಗಾದರೂ ತಪ್ಪಿಸಬೇಕು ಅಂತ ನನ್ನ ಯಜಮಾನರ ಹತ್ತಿರ ಹೋದೆ. ಅವರು ಪೇಪರಿನಿಂದ ತಲೆ ಎತ್ತದೆ ಕೇಳಿದರು. "ಧಾರವಾಡದಾಗ ನಮ್ಮ ಓಣಿಯೊಳಗ ಎಷ್ಟು ಮಂದಿ ದೇವಕಿ ಇದ್ದರು?" ನಾನು ಎಣಿಸಿದೆ, ಮೂವರು. "ದೇವಕಿ ಎಷ್ಟು ಮಕ್ಕಳನ್ನ ಕಳಕೊಂಡಿದ್ದಳು?" ಆರು. ಕಂಸ ಬಂಡೆಗೆ ಅಪ್ಪಳಿಸಿ ಕೊಂದ ಆರು ಕೂಸು. ಯಾರಾದರೂ ಆ ಹೆಸರಿಡೋಕೆ ಹೆದರಿದ್ದರಾ? ಕೈಕೇಯಿ ಅಂತ ಇಡಲ್ಲ, ಮಂಥರಾ ಅಂತ ಇಡಲ್ಲ. ದೇವಕಿ ಅಂತ ಇಡ್ತೀವಿ. ವಾದ ಸರಿ ಇತ್ತು. ವಾದ ಸರಿ ಇದ್ದರೆ ಹೆದರಿಕೆ ಹೋಗುತ್ತಾ? ಹೋಗಲಿಲ್ಲ.

ಮಗಳಿಗೇ ಹೇಳಿದೆ. ಅಡುಗೆಮನೆಯಲ್ಲಿ ನಿಂತು ಮೆಂತ್ಯೆಸೊಪ್ಪು ಬಿಡಿಸ್ತಿದ್ದಳು. ಎಂಟು ತಿಂಗಳು ತುಂಬಿತ್ತು.

"ಆ ರಿಯಾನ ಕಥಿ ಓದೀಯೇನು? ಐದು ಮಕ್ಕಳು ಹೋಗ್ತಾವ ಅಕಿಗೆ."

"ಗೊತ್ತದ ಅಮ್ಮಾ."

"ಗೊತ್ತಿದ್ದೂ ಅದನ್ನ ಇಡ್ಲಿಕತ್ತೀ?"

"ಗೊತ್ತದ ಅಂತನ ಇಡ್ಲಿಕತ್ತೀನಿ."

ಸೊಪ್ಪು ಬಿಡಿಸೋದು ನಿಲ್ಲಿಸಲಿಲ್ಲ. ನಾನೂ ಅವತ್ತು ಚಹಾಕ್ಕೆ ನೀರಿಡಲಿಲ್ಲ, ಅಲ್ಲೇ ಸ್ಟೂಲ್ ಎಳಕೊಂಡು ಕೂತೆ. ಅವಳು ಮಾತಾಡಿದಳು, ನಾನು ಕೇಳಿದೆ. ಏನು ಮಾತು ಅಂತ ಇಲ್ಲಿ ಹೇಳಲ್ಲ. ಕೊನೆಗೆ "ಕಥಿ ಪೂರ್ತಿ ಓದು" ಅಂದಳು. ನಾನು ಐದನೇ ಮಗುವಿಗೇ ಓದೋದು ಬಿಟ್ಟಿದ್ದೆ ಅಂತ ಅವಳಿಗೆ ಹೇಗೋ ಗೊತ್ತಾಗಿತ್ತು.

ಪೂರ್ತಿ ಓದಿದೆ. ಆರನೇ ಸಲ ಬಸುರಿಯಾದಾಗ ರಿಯಾ ಕ್ರೀಟ್ ದ್ವೀಪಕ್ಕೆ ಹೋಗಿ ಹೆರ್ತಾಳೆ. ಮಗುವನ್ನ ಭೂದೇವಿ ಗುಹೆಯಲ್ಲಿ ಬಚ್ಚಿಡ್ತಾಳೆ. ಗಂಡನ ಕೈಗೆ ರಿಯಾ ಏನು ಕೊಡ್ತಾಳೆ? ಒಂದು ಕಲ್ಲು. ಕೂಸಿಗೆ ಸುತ್ತೋ ಬಟ್ಟೆಯಲ್ಲಿ ಒಂದು ಕಲ್ಲು ಸುತ್ತಿ, ಇಗೋ ನಿನ್ನ ಮಗು ಅಂತ ಕೊಡ್ತಾಳೆ. ಅವನು ಅದನ್ನ ನುಂಗ್ತಾನೆ. ಅತ್ತ ಗುಹೆಯಲ್ಲಿ ಕೂಸು ಅಳೋದು ಕೇಳಿಸಬಾರದು ಅಂತ ಕ್ಯುರೀಟರು ಅನ್ನೋ ಯೋಧರು ಗುರಾಣಿ ಬಡಿದು ಕುಣೀತಾರೆ ಅಂತ ಬೇರೆ ಗ್ರಂಥಗಳಲ್ಲಿದೆ. ಆ ಕೂಸು ಜ್ಯೂಸ್. ಅವನು ದೊಡ್ಡವನಾದ ಮೇಲೆ ಕ್ರೋನಸ್ ನುಂಗಿದ್ದನ್ನೆಲ್ಲ ಕಕ್ಕಬೇಕಾಗ್ತದೆ. ಮೊದಲು ಹೊರಗೆ ಬಂದದ್ದು ಕಲ್ಲು. ಆಮೇಲೆ ಆ ಐವರು ಮಕ್ಕಳು.

ಬಟ್ಟೆ ಸುತ್ತಿದ ಕಲ್ಲು ಅಂತ ಓದಿದ ಕೂಡಲೇ ನನಗೆ ಏನು ನೆನಪಾಯ್ತು ಅಂತ ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ನಮ್ಮಲ್ಲಿ ತೊಟ್ಟಿಲಿಗೆ ಹಾಕೋ ದಿನ ಕೂಸನ್ನ ಮೊದಲು ಹಾಕಲ್ಲ. ಒಂದು ಗುಂಡುಕಲ್ಲು, ರುಬ್ಬೋ ಗುಂಡು, ಅದಕ್ಕೆ ಎಣ್ಣೆ ಹಚ್ಚಿ, ನೀರು ಹಾಕಿ, ಕುಲಾಯಿ ಕಟ್ಟಿ, ಬಟ್ಟೆ ಸುತ್ತಿ ಮೊದಲು ಅದನ್ನ ತೊಟ್ಟಿಲಲ್ಲಿ ಮಲಗಿಸ್ತೀವಿ. ಅದಕ್ಕೆ ಗುಂಡಪ್ಪ ಅಂತಲೇ ಕರೆಯೋದು. ಆಮೇಲೆ ಕೂಸು. ಮಹಾರಾಷ್ಟ್ರದ ಬಾರಸೆಯಲ್ಲೂ ಇದೆ. ವರವಂಟಾ ಅಂತಾರೆ ಅವರು ಆ ಕಲ್ಲಿಗೆ. ಆಚೆ ಈಚೆ ಇಬ್ಬರು ಹೆಂಗಸರು ನಿಂತು ದೇವರ ಹೆಸರು ಹೇಳ್ತಾ ತೊಟ್ಟಿಲ ಮೇಲಿಂದ ಕೆಳಗಿಂದ ಆ ಕಲ್ಲು ದಾಟಿಸ್ತಾರೆ. ಯಾಕೆ ಅಂತ ಕೇಳಿದರೆ ಕೂಸು ಕಲ್ಲಿನಂಗೆ ಗಟ್ಟಿಯಾಗಿರಲಿ ಅಂತ ಕೆಲವರು, ಕಣ್ಣು ತಾಗೋದಿದ್ದರೆ ಮೊದಲು ಕಲ್ಲಿಗೆ ತಾಗಲಿ ಅಂತ ಕೆಲವರು. ನನ್ನ ಅಜ್ಜಿ ಎರಡನೇದು ಹೇಳ್ತಿದ್ದಳು.

ಅಜ್ಜಿಗೆ ಅದರ ಅನುಭವ ಇತ್ತು. ಎರಡು ಕೂಸು ಹೋದ ಮೇಲೆ ಹುಟ್ಟಿದ ನಮ್ಮ ದೊಡ್ಡಪ್ಪನನ್ನ ಗುಂಡಪ್ಪ ಅಂತಲೇ ಕರೆದಳು. ಕೂಸು ಉಳಿಯದ ಮನೆಯಲ್ಲಿ ಕಲ್ಲಪ್ಪ, ತಿಪ್ಪ, ಹುಚ್ಚಪ್ಪ ಅಂತ ಹೆಸರಿಡೋದು ನಮ್ಮ ಕಡೆ ಎಷ್ಟೋ ಇತ್ತು. ಇಲ್ಲಿ ಮಗು ಗಿಗು ಏನೂ ಇಲ್ಲಪ್ಪ, ಒಂದು ಕಲ್ಲು ಬಿದ್ದದೆ, ನೀ ಮುಂದೆ ಹೋಗು ಅಂತ ಸಾವಿಗೆ ಹೇಳೋ ಸುಳ್ಳು ಅದು. ರಿಯಾ ಹೇಳಿದ್ದೂ ಅದೇ ಸುಳ್ಳು. ಗ್ರೀಸಿಗೂ ಧಾರವಾಡಕ್ಕೂ ಸಂಬಂಧ ಇದೆ, ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯ್ತು ಅಂತ ನಾನು ಹೇಳ್ತಾ ಇಲ್ಲ. ವಾಟ್ಸ್ಯಾಪ್‌ನಲ್ಲಿ ಅಂಥದ್ದು ಬೇಕಾದಷ್ಟು ಬರ್ತದೆ, ದಯವಿಟ್ಟು ನನ್ನ ಹೆಸರಲ್ಲಿ ಅದನ್ನ ಕಳಿಸಬೇಡಿ. ಮಕ್ಕಳನ್ನ ಕಳಕೊಂಡ ಹೆಂಗಸರಿಗೆ ಇಬ್ಬರಿಗೂ ಇದೇ ಉಪಾಯ ಹೊಳೀತು, ಅಷ್ಟು ಮಾತ್ರ ನನಗೆ ಕಾಣೋದು.

ಆ ಕಲ್ಲನ್ನ ಗ್ರೀಕರು ಡೆಲ್ಫಿ ಕ್ಷೇತ್ರದಲ್ಲಿ ಇಟ್ಟಿದ್ದರು. ಕ್ರಿಸ್ತಶಕ 2ನೇ ಶತಮಾನದಲ್ಲಿ ಪೌಸಾನಿಯಾಸ್ ಅನ್ನೋ ಪ್ರವಾಸಿ ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾನೆ. ಅಂಥಾ ದೊಡ್ಡ ಕಲ್ಲೇನಲ್ಲ, ದಿನಾ ಅದಕ್ಕೆ ಎಣ್ಣೆ ಎರೀತಾರೆ, ಹಬ್ಬದ ದಿನಗಳಲ್ಲಿ ನೂಲು ತೆಗೆಯದ ಹಸಿ ಉಣ್ಣೆ ಇಡ್ತಾರೆ ಅಂತ. ಎಣ್ಣೆ ಎರೆಯೋದು ಓದಿ ನಾನು ಒಬ್ಬಳೇ ಕೂತು ಸ್ವಲ್ಪ ಹೊತ್ತು ಅತ್ತೆ.

ಹುಟ್ಟಿದ್ದು ಹೆಣ್ಣು, ತಿಂಗಳು ತುಂಬಿ, ಎರಡೂವರೆ ಕಿಲೋ ಮೇಲಿತ್ತು. ಬಾಣಂತನ ನಮ್ಮ ಮನೆಯಲ್ಲೇ ಆದದ್ದರಿಂದ ತೊಟ್ಟಿಲೂ ನಮ್ಮಲ್ಲೇ. ಆಗ ಗೊತ್ತಾದದ್ದು, ನಮ್ಮ ಫ್ಲ್ಯಾಟಿನಲ್ಲಿ ಗುಂಡುಕಲ್ಲೇ ಇಲ್ಲ! 34 ವರ್ಷ ಮಿಕ್ಸರಿನಲ್ಲಿ ಸಂಸಾರ ಮಾಡಿದ್ದೀನಿ. ಬೀಗತಿಯವರು ತಮ್ಮ ವರವಂಟಾ ಚೀಲದಲ್ಲಿ ಹಾಕಿಕೊಂಡು ರಿಕ್ಷಾದಲ್ಲಿ ತಂದರು. ನಾನು ಎಣ್ಣೆ ಹಚ್ಚಿದೆ, ಅವರು ಕುಲಾಯಿ ಕಟ್ಟಿದರು. ಹೆಸರು ಹೇಳಿದವಳು ಅಳಿಯನ ತಂಗಿ, ಸೋದರತ್ತೆಯೇ ಹೇಳಬೇಕಲ್ಲ. ಅದಕ್ಕೂ ಮೊದಲು ಮಗಳು ಆ ಕಲ್ಲನ್ನ ತಾನೇ ಒಂದು ಸಲ ಎತ್ಕೊಂಡಳು. ಸ್ವಲ್ಪ ಹೊತ್ತು ಎತ್ಕೊಂಡೇ ನಿಂತಿದ್ದಳು. ಯಾರೂ ಗಡಿಬಿಡಿ ಮಾಡಲಿಲ್ಲ.

ಒಂದು ಉಪಯೋಗದ ಮಾತು ಮರೀತಿದ್ದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರು ಅವತ್ತೇ ಕೊಡಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ ಒಂದು ವರ್ಷದೊಳಗೆ ಹೆಸರು ಸೇರಿಸೋಕೆ ಶುಲ್ಕ ಇಲ್ಲ, ಆಮೇಲೂ ದಂಡ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಅವಸರಕ್ಕೆ ಯಾವುದೋ ಹೆಸರು ಬರೆಸಿ ಆಮೇಲೆ ಬದಲಾಯಿಸೋಕೆ ಓಡಾಡಬೇಡಿ. ಇಲ್ಲಿ ಪ್ರಮಾಣಪತ್ರದಲ್ಲಿ ಮರಾಠಿ ಇಂಗ್ಲಿಷ್ ಎರಡೂ ಇರುತ್ತೆ, ಎರಡೂ ಕಡೆ ಅಕ್ಷರ ನೋಡಿಕೊಳ್ಳಿ. ನಮ್ಮದರಲ್ಲಿ ಮೊದಲನೇ ಸಲ ಮರಾಠಿಯಲ್ಲಿ 'ರೇಹಾ' ಅಂತ ಬಂದಿತ್ತು.

ಈಗ ರಿಯಾಗೆ ಎರಡು ವರ್ಷ. ಅಜ್ಜ ಅವಳನ್ನ ಕರೆಯೋದು ಗುಂಡವ್ವ ಅಂತ, ಅವಳು ಓಗೊಡೋದೂ ಅದಕ್ಕೇ. ವರವಂಟಾ ನಮ್ಮ ಮನೆಯಲ್ಲೇ ಉಳಿದಿದೆ. ತಗೊಂಡು ಹೋಗಿ ಅಂದರೆ ಬೀಗತಿಯವರು ಇರಲಿ ಬಿಡಿ ಅಂತಾರೆ. ಮೊನ್ನೆ ಈಕೆ ತನ್ನ ಹಳೇ ಕುಲಾಯಿ ಹುಡುಕಿ ತಂದು ಅದಕ್ಕೆ ಕಟ್ಟೋಕೆ ನೋಡ್ತಿದ್ದಳು. ಕಲ್ಲು ನುಣ್ಣಗಿದೆ, ಕುಲಾಯಿ ಜಾರಿ ಜಾರಿ ಬೀಳ್ತಿತ್ತು. ಅವಳ ಅಮ್ಮ ಪಕ್ಕದಲ್ಲಿ ಕೂತು ಹಿಡಕೊಂಡಳು, ಆಗ ಗಂಟು ನಿಂತಿತು.